ಒಂದು ಬೆರಳು ಹೆಚ್ಚು

ಚಿಕ್ಕಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು, ದೋಣಿಯ ಮಗ್ಗುಲಿಗೆ ಬಾಗಿ, ಅಲ್ಲಿ ಬಳಿದಿದ್ದ ಗೆರೆಗಳಲ್ಲಿ ನೀರಿಗೆ ಮುಳುಗಿದವನ್ನು ಎರಡನೆಯ ಸಲ ಎಣಿಸಿದ. ಆಮೇಲೆ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ದೋಣಿಯಲ್ಲಿದ್ದವರ ತಲೆಗಳನ್ನು ಎಣಿಸಿದ.

"ಐದು ಜನ," ಎಂದ. "ಆರು ಬೆರಳು."

"ಸತ್ತವನನ್ನೂ ಸೇರಿಸಿಕೊಂಡೆಯಾ?" ಎಡಗಡೆಯ ಹುಟ್ಟಿನ ಮೇಲೆ ಕೈಯಿಟ್ಟು ಕೂತಿದ್ದ ಉದ್ದಣ್ಣ ಕೇಳಿದ.

"ಸೇರಿಸಿಯೇ ಐದು. ಅಣ್ಣ ಒಬ್ಬ, ನೀವಿಬ್ಬರು, ಮಗಳು, ಅವಳ ಶಾಲೆಯ ಹೆಡ್‌ಮಿಸ್ಸು."

"ದೊಡ್ಡ ಹುದ್ದೆಯವರು ಎರಡು ಬೆರಳು ತೂಗಬಹುದಪ್ಪ," ಎಂದು ಬಲಗಡೆಯ ಹುಟ್ಟಿನ ಗೊಣಗಣ್ಣ ತನ್ನಷ್ಟಕ್ಕೆ ಹೇಳಿಕೊಂಡ. ಅವನು ತನ್ನಷ್ಟಕ್ಕೆ ಹೇಳಿಕೊಂಡದ್ದು ಯಾವತ್ತೂ ಎಲ್ಲರಿಗೂ ಕೇಳಿಸುತ್ತಿತ್ತು. ಹೆಡ್‌ಮಿಸ್ ಕೊಡೆಯನ್ನು ಮಡಿಲಿಗೆ ಎಳೆದುಕೊಂಡರು.

ಯಾರೂ ನಗಲಿಲ್ಲ. ಮಂಜು ದಟ್ಟವಾಗಿತ್ತು. ಗಾಳಿ ಇರಲಿಲ್ಲ. ಬಂಧುಬಳಗದವರು ಬೇರೆ ಎರಡು ದೋಣಿಗಳಲ್ಲಿ ಮೊದಲೇ ದಾಟಿ, ಆಚೆ ದಡದ ಸ್ಮಶಾನದಲ್ಲಿ ಕಾಯುತ್ತಿದ್ದರು. ಅವರ ಕೆಮ್ಮು ಕೂಡ ನೀರಿನ ಮೇಲೆ ಜಾರಿಕೊಂಡು ಬಂದು ಇಲ್ಲಿ ಪಕ್ಕದಲ್ಲೇ ಕೇಳಿಸುತ್ತಿತ್ತು. ದೋಣಿಯ ನಡುವೆ, ಉದ್ದಕ್ಕೆ ಹಾಸಿದ ಹಲಗೆಯ ಮೇಲೆ, ಬಿಳಿ ಬಟ್ಟೆಯ ಕೆಳಗೆ ಅಪ್ಪ ಮಲಗಿದ್ದ. ನಿನ್ನೆ ಸಂಜೆ ಕೊನೆಯ ಸಾರಿ ದಾಟಿಸಿ, ದೋಣಿ ಕಟ್ಟಿ, ಕಟ್ಟೆಯ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ.

ಲೆಕ್ಕ ಸರಳವಾಗಿತ್ತು. ನದಿಯ ನಡುವೆ ಒಂದು ಮರಳದಿಬ್ಬ. ಸಮುದ್ರ ಹತ್ತಿರವಾದ್ದರಿಂದ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತಿತ್ತು. ಈಗ ಇಳಿಯುವ ಹೊತ್ತು. ಆರು ಬೆರಳು ಮುಳುಗಿದ ದೋಣಿ ದಿಬ್ಬವನ್ನು ಹೇಗೋ ದಾಟೀತು. ಚುಕ್ಕಾಣಿ ಹಿಡಿಯಬೇಕಾದ ಚಿಕ್ಕಪ್ಪನೂ ಹತ್ತಿ ಏಳಾದರೆ ತಳ ತಾಗುತ್ತದೆ. ಇನ್ನು ಅರ್ಧ ಗಂಟೆ ಕಳೆದರೆ ಖಾಲಿ ದೋಣಿಯೂ ದಾಟದು. ಸಂಜೆಯ ಉಬ್ಬರದವರೆಗೆ ಅಪ್ಪ ಬಿಸಿಲಿನಲ್ಲಿ ಈ ಕಟ್ಟೆಯ ಮೇಲೆಯೇ ಇರಬೇಕು.

"ತಳದಲ್ಲಿ ನೀರು ನಿಂತಿರಬೇಕು, ನೋಡಿ," ಎಂದಳು ಮಗಳು.

ಉದ್ದಣ್ಣ ಅಡಿಹಲಗೆ ಎತ್ತಿ ಕೈ ಇಳಿಸಿದ. ಬೆರಳ ತುದಿಗೆ ಒಣ ಧೂಳು ಅಂಟಿಕೊಂಡು ಬಂತು.

*

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿಯೂ ಬರುತ್ತಿರಲಿಲ್ಲ. ದೋಣಿ ಹೊಸದಿದ್ದಾಗ, ಪರಿಚಯದವರನ್ನು ಒಬ್ಬೊಬ್ಬರನ್ನಾಗಿ ಹತ್ತಿಸಿ, ನೀರು ಎಲ್ಲಿಗೆ ಬಂತೋ ಅಲ್ಲಿಗೆ ಬಿಳಿ ಬಣ್ಣದ ಗೆರೆ ಎಳೆದಿದ್ದ. ಗೆರೆಗೂ ಗೆರೆಗೂ ನಡುವೆ ಸರಿಯಾಗಿ ಒಂದು ಬೆರಳಿನ ಅಂತರ ಬಂತು. ಒಬ್ಬ ಮನುಷ್ಯ ಎಂದರೆ ಒಂದು ಬೆರಳು, ಮಗು ಅರ್ಧ. ಜನ ಸುಳ್ಳು ಹೇಳಬಹುದು, ನೀರು ಹೇಳುವುದಿಲ್ಲ ಎಂಬುದು ಅವನ ನಂಬಿಕೆ.

ಮಗಳು ಮಾತ್ರ ಓದಬೇಕು ಎಂದು ಅವನು ಹಟ ಹಿಡಿದ. ಹಾಗಾಗಿ ಅವಳು ದೋಣಿಕಟ್ಟೆಯ ಮೇಲೆಯೇ ಕೂತು ಪಾಠ ಒಪ್ಪಿಸುತ್ತಿದ್ದಳು, ಅಂಬಿಗರು ಅಡ್ಡಬಾಯಿ ಹಾಕುತ್ತಿದ್ದರು.

"ನಿನ್ನ ವ್ಯಾಕರಣದಲ್ಲಿ ಕಾಲ ಎಷ್ಟು, ಟೀಚರಮ್ಮ?" ಎಂದು ಉದ್ದಣ್ಣ ಕೇಳುತ್ತಿದ್ದ. ಅವಳಿನ್ನೂ ಎಂಟನೆಯ ತರಗತಿಯಲ್ಲಿದ್ದಾಗಲೇ ಆ ಹೆಸರು ಅಂಟಿತ್ತು.

"ಮೂರು. ಭೂತ, ವರ್ತಮಾನ, ಭವಿಷ್ಯತ್."

"ನಮ್ಮಲ್ಲಿ ಎರಡೇ. ಉಬ್ಬರ, ಇಳಿತ. ಪರೀಕ್ಷೆ ಮಾತ್ರ ದಿನಾ ಇರತ್ತೆ."

"ಓದಿದವರು ನೀರಿಗೆ ಬಿದ್ದರೆ ಏನು ಮಾಡ್ತಾರೆ ಗೊತ್ತಾ?" ಗೊಣಗಣ್ಣ ಬೀಡಿ ಹಚ್ಚಿಕೊಳ್ಳುತ್ತ ಹೇಳುತ್ತಿದ್ದ. "'ನಾನು ನೀರಿನಲ್ಲಿ ಬಿದ್ದೆನು' ಅಂತ ಪೂರ್ತಿ ವಾಕ್ಯ ಹೇಳ್ತಾರೆ. ಹೇಳಿ ಮುಗಿಸೋದ್ರೊಳಗೆ ತಳ ಸೇರಿರ್ತಾರೆ."

"ನೀನು ಬಿದ್ದರೆ ಏನು ಹೇಳ್ತೀಯ, ಗೊಣಗಣ್ಣ?" ಎಂದು ಅವಳು ಒಂದು ದಿನ ಕೇಳಿದಳು.

"ನಾನು ಬೀಳೋದೇ ಇಲ್ಲ."

"ಅದು ಭವಿಷ್ಯತ್ತು ಕಣೋ," ಎಂದು ಅಪ್ಪ ದೋಣಿಯಿಂದ ತಲೆ ಎತ್ತದೆಯೇ ಹೇಳಿದ. "ಅದು ನಿನಗೆ ತಿಳಿಯಲ್ಲ."

ಮೂವರೂ ಬಿದ್ದು ಬಿದ್ದು ನಕ್ಕಿದ್ದರು. ಅಪ್ಪ ಅವಳ ಪಾಠವನ್ನು ಕೇಳಿಸಿಕೊಳ್ಳುತ್ತಿದ್ದಾನೆ ಎಂಬುದು ಅವಳಿಗೆ ತಿಳಿದದ್ದು ಅಂದೇ.

*

ಹೆಡ್‌ಮಿಸ್ ತಾವೇ ಎದ್ದರು. "ನಾನು ಇಳಿದುಬಿಡ್ತೀನಿ. ನಿಮ್ಮ ಕೆಲಸ ನಡೀಬೇಕು. ಇಲ್ಲಿಂದಲೇ ಕೈ ಮುಗೀತೀನಿ."

ಅವರು ಕಟ್ಟೆಗೆ ಕಾಲಿಟ್ಟಾಗ ದೋಣಿ ಒಂದು ಬೆರಳು ಮೇಲೆದ್ದಿತು. ಚಿಕ್ಕಪ್ಪ ಮತ್ತೆ ಬಾಗಿದ. ನಾಲ್ಕು ಜನ, ಐದು ಬೆರಳು. ಅವನು ತಾನು ಹತ್ತಿದ, ಹತ್ತಿ ಅಂಚಿನಿಂದ ಇಣುಕಿ ನೋಡಿದ. ಐದು ಜನ, ಆರು ಬೆರಳು.

"ಆರಾದರೆ ದಾಟತ್ತೆ," ಎಂದ ಉದ್ದಣ್ಣ. "ಹೆಚ್ಚಿಗೆ ಯಾಕೆ ಅಂತ ಕೇಳೋದು ಬೇಡ. ಹೋಗಿ ಕೂತ್ಕೋ, ಚುಕ್ಕಾಣಿ ಹಿಡಿ."

ಚಿಕ್ಕಪ್ಪ ಹಿಂಬದಿಗೆ ಹೋದ. ಚುಕ್ಕಾಣಿಯ ಮುಂದಿನ ಅಡ್ಡಹಲಗೆಯಲ್ಲಿ ನಲವತ್ತು ವರ್ಷ ಅಪ್ಪನೊಬ್ಬನೇ ಕೂತಿದ್ದ. ಕೂರಲು ಬಾಗಿದ ಚಿಕ್ಕಪ್ಪ ಅರ್ಧದಲ್ಲೇ ನಿಂತ.

"ಏನು?"

"ಬಂದು ನೋಡಿ."

ರಾತ್ರಿಯಿಡೀ ಬಯಲಲ್ಲಿದ್ದ ದೋಣಿಯ ಮೇಲೆಲ್ಲ ಇಬ್ಬನಿ ಕೂತಿತ್ತು. ಅಂಚು, ಹುಟ್ಟಿನ ಹಿಡಿ, ಸುತ್ತಿಟ್ಟ ಹಗ್ಗ, ಎಲ್ಲವೂ ಬೆವರಿದಂತೆ ಒದ್ದೆಯಾಗಿದ್ದವು. ಆ ಹಲಗೆಯೂ ಎರಡು ತುದಿಗಳಲ್ಲಿ ಒದ್ದೆಯಾಗಿತ್ತು. ನಡುವೆ ಮಾತ್ರ, ಒಬ್ಬ ಮನುಷ್ಯ ಕೂರುವಷ್ಟು ಅಗಲದಲ್ಲಿ, ಮರ ಒಣಗಿತ್ತು.

ಚಿಕ್ಕಪ್ಪ ಅಂಗೈಯನ್ನು ಅಲ್ಲಿಟ್ಟು ಹಿಂದಕ್ಕೆಳೆದುಕೊಂಡ. "ಬೆಚ್ಚಗಿದೆ."

"ಬೆಳಗ್ಗೆ ಯಾರಾದರೂ ಕೂತಿರ್ತಾರೆ," ಎಂದ ಗೊಣಗಣ್ಣ. ಈ ಸಲ ಅವನ ಮಾತು ಪಕ್ಕದವರಿಗಷ್ಟೇ ಕೇಳಿಸುವಷ್ಟು ಮೆಲ್ಲಗಿತ್ತು.

"ಬೆಳಗಿನಿಂದ ಕಟ್ಟೆ ಮೇಲೆ ನಾನೇ ಇದ್ದೀನಿ. ಇಲ್ಲಿ ಯಾರೂ ಕೂತಿಲ್ಲ." ಚಿಕ್ಕಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಹಲಗೆಯ ಮೇಲೆ ಮಲಗಿದ್ದ ಅಣ್ಣನನ್ನು ನೋಡಿದ, ತಿರುಗಿ ಆ ಖಾಲಿ ಜಾಗವನ್ನು ನೋಡಿದ. "ನಾನು ಅಲ್ಲಿ ಕೂರಲ್ಲ. ಅವನು ಎದ್ದಿಲ್ಲ ಇನ್ನೂ."

"ಏಳಿಸು ಮತ್ತೆ. ನೀರು ಇಳೀತಾ ಇದೆ," ಎಂದ ಉದ್ದಣ್ಣ.

"ನನ್ನ ಮಾತಿಗೆ ಬದುಕಿದ್ದಾಗಲೇ ಎದ್ದವನಲ್ಲ." ಚಿಕ್ಕಪ್ಪನ ಕಣ್ಣು ಅವಳ ಮೇಲೆ ಬಂದು ನಿಂತಿತು. "ನೀನು ಕರಿ, ಮಗಳೇ. ನೀನು ಕೇಳಿದ್ದಕ್ಕೆ ಅವನು ಇಲ್ಲ ಅಂದಿದ್ದೇ ಇಲ್ಲ. ಚುಕ್ಕಾಣಿನೂ ಚಿಕ್ಕವಳಿದ್ದಾಗ ಅವನ ಜೊತೆ ಹಿಡಿದವಳು ನೀನೊಬ್ಬಳೇ."

ಕರೆಯುವುದು ಎಷ್ಟು ಸಣ್ಣ ಕೆಲಸ. ಅವಳು ಏಳದೆ ಕೂತದ್ದು ಹಲಗೆಯನ್ನು ಕಂಡು ಹೆದರಿ ಅಲ್ಲ.

*

ಹತ್ತೊಂಬತ್ತು ವರ್ಷದ ಹಿಂದೆ, ಆಚೆ ದಡದ ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ, ಇದೇ ದೋಣಿಯಲ್ಲಿ ಈಗಿನ ಹೆಡ್‌ಮಿಸ್ ಅವಳ ಪಕ್ಕದಲ್ಲಿ ಕೂತಿದ್ದರು. ಆಗ ಅವರೂ ಬರೀ ಟೀಚರ್. ಇಸ್ತ್ರಿ ಮಾಡಿದ ಸೀರೆ, ಚರ್ಮದ ಚೀಲ, ತೂಗಿ ಆಡುವ ಮಾತು.

"ನಿಮ್ಮ ತಂದೆ ಏನು ಮಾಡ್ತಾರೆ?" ಎಂದು ಅವರು ಕೇಳಿದರು.

ಅಪ್ಪ ನಾಲ್ಕು ಮೊಳ ದೂರದಲ್ಲಿ ಚುಕ್ಕಾಣಿ ಹಿಡಿದು ಕೂತಿದ್ದ. ಅಂಗಿಯ ಒಂದು ತೋಳು ಹರಿದಿತ್ತು.

"ಒಂದು ಕಚೇರಿಯಲ್ಲಿದ್ದಾರೆ," ಎಂದಳು. ಹೇಳಿದ್ದನ್ನು ಗಟ್ಟಿ ಮಾಡಲು ತಿರುಗಿ, "ಅಂಬಿಗರೇ, ಸ್ವಲ್ಪ ಬೇಗ," ಎಂದಳು.

ಅಪ್ಪನ ಮುಖದಲ್ಲಿ ಏನೂ ಆಗಲಿಲ್ಲ. ಆಚೆ ದಡದಲ್ಲಿ ಎಲ್ಲರಿಗೂ ಚಾಚುವಂತೆ ಅವಳಿಗೂ ಕೈ ಚಾಚಿ, "ಹುಷಾರಾಗಿ ಇಳೀರಿ, ಮೇಡಂ," ಎಂದ. ಆ ಸಂಜೆ ಮನೆಯಲ್ಲಿ ಎಂದಿನಂತೆ, "ಉಂಡೆಯಾ, ಮಗಳೇ?" ಎಂದು ಕೇಳಿದ.

ಒಂದೇ ತಿಂಗಳಲ್ಲಿ ಶಾಲೆಗೆಲ್ಲ ನಿಜ ಗೊತ್ತಾಯಿತು. ಗೊತ್ತಾದವರೆಲ್ಲ ಮರ್ಯಾದೆಯಿಂದ ಗೊತ್ತಿಲ್ಲದಂತೆ ಇದ್ದುಬಿಟ್ಟರು. ಅವಳಿಗೆ ಅದೇ ದೊಡ್ಡ ಶಿಕ್ಷೆಯಾಯಿತು. ನಾಳೆ ಸರಿಮಾಡುತ್ತೇನೆ ಎಂದುಕೊಳ್ಳುತ್ತಲೇ ಅವಳು ಹತ್ತೊಂಬತ್ತು ವರ್ಷ, ದಿನಕ್ಕೆ ಎರಡು ಸಲ, ನದಿ ದಾಟಿದಳು. ನೆಲದ ಮೇಲೆ ಅವನು ಅಪ್ಪ, ನೀರಿನ ಮೇಲೆ ಅಂಬಿಗ. ಅವನಾಗಿ ಆ ಗೆರೆಯನ್ನು ಒಮ್ಮೆಯೂ ದಾಟಲಿಲ್ಲ.

*

ಅವಳು ಎದ್ದಳು. ಬಿಳಿ ಬಟ್ಟೆಯ ಅಂಚನ್ನು ತುಳಿಯದಂತೆ ಒಂದೊಂದೇ ಹಲಗೆ ದಾಟಿ ಹಿಂಬದಿಗೆ ಬಂದಳು. ಕಟ್ಟೆಯ ಮೇಲೆ ಹೆಡ್‌ಮಿಸ್ ಕೊಡೆ ಮಡಿಸಿ ನಿಂತಿದ್ದರು; ಮೂರು ಮಾರು ದೂರ ಕೂಡ ಇರಲಿಲ್ಲ.

ಬಾಯಿ ತೆರೆದಾಗ ಮೊದಲು ಬಂದದ್ದು ಹಳೆಯ ಅಭ್ಯಾಸ. "ಅಂಬಿಗ," ಎಂದು ಅವಳ ನಾಲಿಗೆ ಹೊರಟೇಬಿಟ್ಟಿತು.

ಆಚೆ ದಡದ ಕೆಮ್ಮೂ ನಿಂತಿತ್ತು. ನೀರು ಕಟ್ಟೆಯ ಕೊನೆಯ ಮೆಟ್ಟಿಲನ್ನು ಬಿಟ್ಟು ಇನ್ನಷ್ಟು ಕೆಳಗಿಳಿದಿತ್ತು; ಪಾಚಿ ಹಿಡಿದ ಕಲ್ಲು ಹೊರಗೆ ಕಾಣುತ್ತಿತ್ತು.

"ಅಪ್ಪಾ," ಎಂದಳು.

ತರಗತಿಯ ಕೊನೆಯ ಬೆಂಚಿಗೂ ಕೇಳಿಸುವಂತೆ ಮಾತಾಡಿ ಪಳಗಿದ ಧ್ವನಿ ಅದು. ನದಿಯ ಉದ್ದಗಲಕ್ಕೂ ಹೋಯಿತು. ಹೆಡ್‌ಮಿಸ್ ತಲೆ ತಗ್ಗಿಸಿದರು.

"ಅಪ್ಪಾ, ಸ್ವಲ್ಪ ಸರಿ. ನಾನು ಕೂತ್ಕೋಬೇಕು."

ಆಮೇಲೆ, ಕೂತವರು ಕೂತಲ್ಲೇ ಇದ್ದರೂ, ದೋಣಿ ಮೆಲ್ಲಗೆ ಎಡಕ್ಕೆ ವಾಲಿತು. ಎಡಗಡೆಯ ಅಂಚಿಗೆ ನೀರು ಒಂದು ಸಲ ಬಡಿಯಿತು.

ಅವಳು ಹಲಗೆಯ ಬಲಭಾಗದಲ್ಲಿ ಕೂತು ಚುಕ್ಕಾಣಿಗೆ ಕೈ ಹಾಕಿದಳು. ವಾಲಿದ್ದ ದೋಣಿ ನಿಧಾನವಾಗಿ ಸಮವಾಯಿತು. ಹುಟ್ಟುಗಳು ನೀರಿಗಿಳಿದವು.