ಮೆಟ್ಟಿಲು ತೆಗೆದ ತೊಟ್ಟಿ

ನಾನು ಒಂದು ತೊಟ್ಟಿ. ದುಂಡಗಿನ, ಮಂಡಿಯೆತ್ತರದ ಫೈಬರ್ ತೊಟ್ಟಿ. ಮೈಸೂರಿನ ಒಂದು ಷೆಡ್ಡಿನಲ್ಲಿ ನನ್ನನ್ನು ಮಾಡಿದ ರಹಮತ್ ಸಾಬರು, ಯಾರೋ ಶ್ರೀಮಂತರ ಮನೆಯ ಮೀನಿಗೆ ಅಂದುಕೊಂಡು ಬೆನ್ನು ತಟ್ಟಿ ಕಳಿಸಿದರು. ಮೀನೂ ಇಲ್ಲ, ಮಣ್ಣೂ ಇಲ್ಲ! ನನ್ನ ಪಾಲಿಗೆ ಬಂದದ್ದು ಸುಂಡಿಲಿಗಳು.

ಅದೊಂದು ಮಿದುಳಿನ ಪ್ರಯೋಗಶಾಲೆ. ಅಲ್ಲಿನ ಸಹಾಯಕ ಪುಟ್ಟಮಾದಯ್ಯ ನನ್ನೊಳಗೆ ನೀರು ತುಂಬಿ ಹಾಲಿನ ಪುಡಿ ಕದಡುತ್ತಿದ್ದ. ಆ ಬಿಳಿ ನೀರಿನ ಕೆಳಗೆ, ಕಣ್ಣಿಗೆ ಕಾಣದ ಹಾಗೆ, ಒಂದು ಪುಟ್ಟ ಮೆಟ್ಟಿಲು. ಇಲಿ ಈಜಿ ಈಜಿ ಅದನ್ನು ಹುಡುಕಬೇಕು, ಹತ್ತಿ ನಿಂತು ಉಸಿರು ಬಿಡಬೇಕು. ಕೆಲವೇ ದಿನಗಳಲ್ಲಿ ಕೋಣೆಯ ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನು ನೋಡಿಕೊಂಡೇ ದಾರಿ ಕಲಿತುಬಿಡುತ್ತಿದ್ದವು, ಕಿಲಾಡಿಗಳು! ಮಿದುಳಿನಲ್ಲಿ ಗ್ರಾಹಕ ಅಂತ ಬಾಗಿಲಿನಂಥವು ಇವೆಯಂತೆ. ಅವು ತೆರೆದರೇ ನೆನಪು ಒಳಗೆ ಬಂದು ಕೂರುವುದಂತೆ. ಮದ್ದು ಚುಚ್ಚಿ ಅವನ್ನು ಮುಚ್ಚಿಸಿದ ಇಲಿಗಳು ಮಾತ್ರ ಪಾಪ, ದಿನವೂ ಹೊಸದಾಗಿ ಅಲೆಯುತ್ತಿದ್ದವು. ಇದೆಲ್ಲ ವಿಜ್ಞಾನಿ ಭಾರ್ಗವಿ ಮೇಡಂ ಅವರ ಕೆಲಸ.

ಆ ಮಳೆಗಾಲ ಮೇಡಂ ಅವರ ಒಬ್ಬಳೇ ಮಗಳು ಮೈನಾ ಜ್ವರ ಬಂದು ತೀರಿಕೊಂಡಳು. ಏಳು ವರ್ಷದ ಕೂಸು. ಅವರು ಮತ್ತೆ ಕೆಲಸಕ್ಕೆ ಬಂದ ದಿನವೇ ಇಲಿಗಳ ಕೊನೆಯ ಪರೀಕ್ಷೆ. ಅದರ ಪದ್ಧತಿಯೇ ಕ್ರೂರ. ಮೆಟ್ಟಿಲನ್ನು ತೆಗೆದುಬಿಡುತ್ತಾರೆ, ಇಲಿ ಎಲ್ಲಿ ಹುಡುಕುತ್ತದೆ ಅಂತ ನೋಡುತ್ತಾರೆ.

ಮದ್ದು ಚುಚ್ಚಿದ ಇಲಿ ಎಲ್ಲೆಂದರಲ್ಲಿ ಸುತ್ತಿತು. ಮದ್ದಿಲ್ಲದ ಇಲಿ ನೆಟ್ಟಗೆ ಮೆಟ್ಟಿಲಿದ್ದ ಜಾಗಕ್ಕೇ ಹೋಯಿತು. ಇಲ್ಲ. ತಿರುಗಿ ಬಂತು. ಇಲ್ಲ. ಅಲ್ಲೇ ಸುತ್ತಿತು, ಸುಸ್ತಾದರೂ ಅಲ್ಲೇ ಸುತ್ತಿತು.

"ಎಷ್ಟು ಚೆನ್ನಾಗಿ ನೆನಪಿಟ್ಕೊಂಡಿದೆ ನೋಡಿ ಮೇಡಂ!" ಅಂದ ಪುಟ್ಟಮಾದಯ್ಯ, ಖುಷಿಯಿಂದ.

ಮೇಡಂ ಸರಕ್ಕನೆ ನೀರಿಗೆ ಕೈ ಹಾಕಿ ಅಂಗೈ ಒಡ್ಡಿದರು. ಇಲಿ ಹತ್ತಿ ಕೂತಿತು. ಪರೀಕ್ಷೆ ಕೆಟ್ಟಿತು. ಅವರು ಮಂಡಿಯೂರಿ ನನ್ನ ಅಂಚಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು.

"ಮಾದಯ್ಯ, ಆ ಮದ್ದು ನನಗೂ ಒಂಚೂರು ಚುಚ್ಚೋ ಹಾಗಿದ್ರೆ..."

"ಬಿಡ್ತು ಅನ್ನಿ ಮೇಡಂ!"

ಅವರು ಒದ್ದೆ ಇಲಿಯನ್ನು ಬಟ್ಟೆಯಿಂದ ಒರೆಸಿ ಗೂಡಿಗೆ ಬಿಟ್ಟರು. ಆಮೇಲೆ, "ಬೇಡ ಬಿಡಿ. ಅದು ಹಳೇ ನೆನಪನ್ನ ಅಳಿಸೋದೂ ಇಲ್ಲ, ಅಳಿಸಿದ್ರೆ ಅವಳ ಮುಖಾನೂ ಹೊರಟುಹೋಗುತ್ತೆ," ಅಂದರು.

ಈಗ ನಾನು ಸೀಳು ಬಿಟ್ಟು ತಾರಸಿಯ ಮೂಲೆಯಲ್ಲಿ ಬಿದ್ದಿದ್ದೇನೆ. ಇಲ್ಲಿಂದ ಪ್ರಯೋಗಶಾಲೆಯ ಗೇಟು ಕಾಣುತ್ತದೆ. ಸಂಜೆ ಶಾಲೆಯ ವ್ಯಾನು ಬರುವ ಹೊತ್ತಿಗೆ, ಅಮ್ಮನ ಬಳಿ ಬರಲು ಮೈನಾ ಇಳಿಯುತ್ತಿದ್ದ ಜಾಗಕ್ಕೆ ಬಂದು ಮೇಡಂ ನಿಲ್ಲುತ್ತಾರೆ. ವ್ಯಾನು ನಿಲ್ಲದೆ ಹೋಗುತ್ತದೆ. ಅಲ್ಲಿ ಯಾರೂ ಇಲ್ಲ ತಾಯಿ, ಒಳಗೆ ಹೋಗಿ ಅಂತ ಕೂಗಿ ಹೇಳೋಣ ಅನ್ನಿಸುತ್ತದೆ. ಅದು ಅವರಿಗೆ ಗೊತ್ತಿಲ್ಲವೇ? ನಾಳೆಯೂ ಅಲ್ಲಿಗೇ ಬರುತ್ತಾರೆ.