ಆಚೆ ಗಡಿಯ ತನಕ

"ನಿಲ್ಸೇ ಅಲ್ಲಿಗೆ! ಗುಂಡಿ ಅಗೀತಾ ಅಗೀತಾ ನಿಮ್ಮಪ್ಪನ ಮನೆ ತನಕ ಹೋಗ್ತೀಯೇನೆ, ಮುಂಡೇದೆ?"

ಬೈಗುಳ ತಲೆಯ ಮೇಲಿನಿಂದ ಬಿತ್ತು. ಎದೆಯಾಳದ ಕಾಲುವೆಯಲ್ಲಿ ನಿಂತಿದ್ದ ರಸಮಟ್ಟ ಪಿಕಾಸಿ ಇಳಿಸಿ ಕತ್ತೆತ್ತಿದಳು. ಮೊದಲು ಕಂಡದ್ದು ಹೊಳೆಯುವ ಚಪ್ಪಲಿ, ಆಮೇಲೆ ಹೊಟ್ಟೆ, ಎಲ್ಲಕ್ಕಿಂತ ಕೊನೆಗೆ ಸಾಹುಕಾರನ ಮುಖ. ಸುಣ್ಣದ ಗೆರೆ ದಾಟಿ ಅವಳು ಒಂದು ಗೇಣು ಹೆಚ್ಚಿಗೆ ಅಗೆದಿದ್ದಳು. ಆ ಒಂದು ಗೇಣಿಗೆ, ಸತ್ತು ಇಪ್ಪತ್ತು ವರ್ಷವಾಗಿದ್ದ ಅವಳಪ್ಪನೂ ಎದ್ದು ಬಂದು ಬೈಸಿಕೊಳ್ಳಬೇಕಾಯಿತು.

ರಸಮಟ್ಟ ಅವಳ ಹೆಸರಲ್ಲ. ಗಾರೆಯವರು ನೆಲ ಸಮವಿದೆಯೋ ಇಲ್ಲವೋ ನೋಡಲು ಇಡುವ, ಗಾಜಿನೊಳಗೆ ಗುಳ್ಳೆ ಓಡಾಡುವ ಪಟ್ಟಿಗೆ ರಸಮಟ್ಟ ಎನ್ನುತ್ತಾರೆ. ಇವಳು ಪೈಪಿನ ಸಾಲನ್ನು ಒಮ್ಮೆ ಬಗ್ಗಿ ನೋಡಿದರೆ ಸಾಕು, ಇಳಿಜಾರು ಎಲ್ಲಿ ತಪ್ಪಿದೆ ಎಂದು ಆ ಗುಳ್ಳೆಗಿಂತ ಮೊದಲೇ ಹೇಳುತ್ತಿದ್ದಳು. ಹಿಂದೊಮ್ಮೆ ಇಂಜಿನಿಯರ್‌ನ ಮೂರು ಕಾಲಿನ ಯಂತ್ರ ಒಂದು ಹೇಳಿತು, ಇವಳು ಇನ್ನೊಂದು ಹೇಳಿದಳು. ನೀರು ಹೊಯ್ದಾಗ ನೀರು ಇವಳ ಪಕ್ಷ ವಹಿಸಿತು. ಅಂದಿನಿಂದ ಇಂಜಿನಿಯರ್ ಅವಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದ.

ಇವತ್ತೂ ಅವನು ಛತ್ರಿಯ ಕೆಳಗೆ ಫೈಲು ಹಿಡಿದು, ಸಾಹುಕಾರನನ್ನಷ್ಟೇ ನೋಡಿ ಗಂಟಲು ಸರಿಮಾಡಿಕೊಂಡ.

"ಅಗೀಲಿ ಬಿಡಿ ಸಾರ್. ರೂಲ್ ಪ್ರಕಾರ ಒಳಚರಂಡಿ ಲೈನು ನಿಮ್ಮ ಸೈಟಿನ ಆಚೆ ಗಡಿ ತನಕ ಹೋಗ್ಬೇಕು. ಗೇಟ್ ಹತ್ರ ನಿಲ್ಸೋ ಹಾಗಿಲ್ಲ."

"ನನ್ನ ಮನೇದು ಗೇಟ್ ಹತ್ರಾನೇ ಲೈನಿಗೆ ಸೇರುತ್ತಲ್ರೀ. ಇನ್ನೂ ನಲವತ್ತು ಅಡಿ ಯಾಕೆ?"

"ಅದು ನಿಮಗಲ್ಲ ಸಾರ್. ನಾಳೆ ಮುಂದಿನ ಜಾಗದವರು ನಮ್ದೂ ಸೇರಿಸ್ಕೊಳ್ಳಿ ಅಂತ ಬಂದ್ರೆ ಅವರ ಬಾಗಿಲಿಗೆ ಲೈನು ಬಂದಿರ್ಬೇಕು. ಅದಕ್ಕೇ ಕೊನೇ ಮನೆಯವರು ತಮ್ಮ ಆಚೆ ಗಡಿ ತನಕ ಒಯ್ದು ಬಿಡ್ಬೇಕು ಅಂತ ಕಾನೂನು."

"ಮುಂದಿನ ಜಾಗದವರು ಅಂದ್ರೆ?" ಸಾಹುಕಾರ ತನ್ನ ತೋಟದ ಗೋಡೆಯಾಚೆಗಿನ ಕಲ್ಲು ದಿಣ್ಣೆಯನ್ನು ನೋಡಿದ. ದಿಣ್ಣೆಯ ಮೇಲೆ ಹನ್ನೊಂದು ತಗಡಿನ ಮನೆಗಳು. ಆಮೇಲೆ ಕಾಲುವೆಯೊಳಗಿದ್ದವರನ್ನು ನೋಡಿದ. "ಇವ್ರಾ?"

ಅವನು ನಕ್ಕ. ಇಂಜಿನಿಯರ್ ನಕ್ಕ. ಕಂಟ್ರಾಕ್ಟರನ ಮೇಸ್ತ್ರಿ, ನಗಬಹುದು ಎಂದು ಖಾತ್ರಿಯಾದ ಮೇಲೆ ನಕ್ಕ. ಆ ಹನ್ನೊಂದು ಮನೆಗಳವರೇ ಕಾಲುವೆಯಲ್ಲಿ ನಿಂತಿದ್ದರು. ಅವರಿಗೆ ಕಿವಿ ಇರಬಹುದು ಎಂಬ ಅನುಮಾನ ಮೇಲಿದ್ದವರಿಗೆ ಬರಲಿಲ್ಲ.

"ನನ್ನ ಮನೆ ಮುಂದೆ ಇವ್ರ ಹೊಲಸು ಹರೀಬೇಕಾ?"

"ನೆಲದೊಳಗೆ ಸಾರ್..."

"ನೆಲದೊಳಗಾದ್ರೂ ನಂಗೆ ಗೊತ್ತಿರುತ್ತಲ್ರೀ! ಏನಾದ್ರೂ ದಾರಿ ಹೇಳಿ."

ದಾರಿ ಇಂಜಿನಿಯರ್‌ನ ನಾಲಗೆಯ ತುದಿಯಲ್ಲೇ ಇತ್ತು. "ನಿಮ್ಮ ಗಡಿ ಗೇಟಿಗೇ ಮುಗೀತು, ಆಚೆ ಇರೋ ತೋಟ ನಿಮ್ದಲ್ಲ ಅಂತ ಒಂದು ಪತ್ರ ಬರ್ಕೊಡಿ ಸಾರ್. ಕಾಗದದ ಮೇಲಷ್ಟೇ. ಗೇಟಿನ ಹತ್ರ ಕೊನೇ ಮ್ಯಾನ್‌ಹೋಲು ಕಟ್ಟಿ ಮುಗಿಸ್ಬಿಡೋಣ."

"ಉಳಿಯೋ ಪೈಪು?"

"ನಿಮ್ದೇ ಸಾರ್."

"ಹಾಗಾದ್ರೆ ತೋಟದಲ್ಲಿ ಸಾಲಾಗಿ ನಿಲ್ಸಿ. ಮಣ್ಣು ತುಂಬಿ ಗುಲಾಬಿ ಹಾಕ್ತೀನಿ."

ಹೀಗೆ ದಿಣ್ಣೆಯ ಮನೆಗಳ ಬಾಗಿಲಿಗೆ ಬರಬೇಕಾಗಿದ್ದ ಇಪ್ಪತ್ತು ಮಣ್ಣಿನ ಪೈಪುಗಳಿಗೆ ಹೂಕುಂಡಗಳಾಗಿ ಬಡ್ತಿ ಸಿಕ್ಕಿತು.

ಸಂಜೆ ರಸಮಟ್ಟ ಮನೆಗೆ ಬಂದಾಗ ಸೊಸೆ ಗೋಡೆಗೊರಗಿ ಕಣ್ಣುಮುಚ್ಚಿ ಕೂತಿದ್ದಳು. ಏಳು ತಿಂಗಳ ಬಸುರಿ. ಅವಳ ಗಂಡ, ರಸಮಟ್ಟನ ಮಗ, ಬೇರೆ ಊರಿನ ಪೈಪಿನ ಕೆಲಸಕ್ಕೆ ಹೋಗಿ ಮೂರು ತಿಂಗಳಾಗಿತ್ತು. ಬೆಳಿಗ್ಗೆ ತುಂಬಿಟ್ಟಿದ್ದ ಚೊಂಬು ತುಂಬಿದಂತೆಯೇ ಇತ್ತು.

"ಇವತ್ತೂ ಕುಡೀಲಿಲ್ವಾ?"

"ಕುಡಿದ್ರೆ ಹೋಗ್ಬೇಕಲ್ಲ ಅತ್ತೆ."

ಆಸ್ಪತ್ರೆಯ ಡಾಕ್ಟರಮ್ಮ ಹೋದ ವಾರ ಇಬ್ಬರನ್ನೂ ಕೂರಿಸಿ ಉಗಿದಿದ್ದಳು. ಉರಿಮೂತ್ರ ಆಗಲೇ ಎರಡು ಸಲ ಜ್ವರ ತಂದಿದೆ, ಇನ್ನೊಂದು ಸಲ ಬಂದರೆ ಕೂಸು ನಿಲ್ಲುವುದಿಲ್ಲ, ದಿನಕ್ಕೆ ಹನ್ನೆರಡು ಲೋಟ ನೀರು ಕುಡಿಯಲೇಬೇಕು ಎಂದಿದ್ದಳು. ಕುಡಿದ ಹನ್ನೆರಡು ಲೋಟವನ್ನು ಎಲ್ಲಿ ಬಿಡಬೇಕೆಂದು ಚೀಟಿಯಲ್ಲಿ ಬರೆದಿರಲಿಲ್ಲ. ಮೊದಲು ದಿಣ್ಣೆಯ ಹೆಂಗಸರು ಕೆಳಗಿನ ಪೊದೆಗಳ ಮರೆಗೆ ಹೋಗುತ್ತಿದ್ದರು. ಆ ಪೊದೆಗಳ ಜಾಗದಲ್ಲೇ ಈಗ ಸಾಹುಕಾರನ ಬಂಗಲೆ ನಿಂತಿತ್ತು. ಈಗ ಹಾಳುಬಿದ್ದ ಕಲ್ಲುಗಣಿಯ ತನಕ ಒಂದು ಮೈಲಿ ನಡೆಯಬೇಕು. ಹೋದ ಮೇಲೂ, ದಾರಿಹೋಕ ಗಂಡಸು ಕಂಡರೆ ಅರ್ಧಕ್ಕೇ ಎದ್ದು ನಿಲ್ಲಬೇಕು.

"ಇವತ್ತು ಬಂಗಲೇಲಿ ತಡ್ಕೊಳಕ್ಕಾಗ್ಲಿಲ್ಲ," ಸೊಸೆ ಕಣ್ಣು ಬಿಡದೆಯೇ ಹೇಳಿದಳು. ಅವಳು ಅಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಮೂರು ಕಕ್ಕಸು ತಿಕ್ಕುತ್ತಿದ್ದಳು. "ತಿಕ್ಕಿ ಮುಗಿಸಿದ್ದೆ. ಅಮ್ಮಾವ್ರೆ, ಒಂದ್ಸಲ ಹೋಗ್ಲಾ ಅಂತ ಕೇಳ್ದೆ."

"ಏನಂದ್ಳು?"

"ಈಗಷ್ಟೇ ಕ್ಲೀನ್ ಆಗಿದೆಯಲ್ಲಮ್ಮ ಅಂದ್ರು. ನೀವು ಯಾವಾಗ್ಲೂ ಹೋಗ್ತೀರಲ್ಲ, ಆ ಜಾಗಕ್ಕೇ ಹೋಗು ಅಂದ್ರು." ಸೊಸೆ ನಕ್ಕಳು, ಹೊಟ್ಟೆ ನೋಯಿತೇನೋ, ಅಲ್ಲಿಗೇ ನಿಲ್ಲಿಸಿದಳು. "ಆ ಜಾಗದ ಮೇಲೇ ನಿಂತ್ಕೊಂಡು ಹೇಳಿದ್ರು ಅತ್ತೆ."

ರಸಮಟ್ಟ ಎದ್ದು ಹೊಸ್ತಿಲಲ್ಲಿ ನಿಂತು ಕೆಳಗೆ ನೋಡಿದಳು. ದಿಣ್ಣೆಯ ಬುಡದಿಂದ ಗೇಟಿನ ತನಕ ರಸ್ತೆಯ ಅಂಚು ನೆಟ್ಟಗೆ, ಹದವಾಗಿ ಇಳಿಯುತ್ತಿತ್ತು. ಇಲ್ಲಿಂದ ಬಿಟ್ಟ ನೀರು ಯಾರ ಅಪ್ಪಣೆಯನ್ನೂ ಕೇಳದೆ ದೊಡ್ಡ ರಸ್ತೆಯ ಲೈನಿಗೆ ಹೋಗಿ ಸೇರುತ್ತಿತ್ತು. ಇಷ್ಟು ಒಳ್ಳೆಯ ಇಳಿಜಾರನ್ನು ಅವಳು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಮರುದಿನ ಸಾಹುಕಾರ ಮನೆಮಂದಿಯನ್ನೆಲ್ಲ ಕಾರಿಗೆ ತುಂಬಿಕೊಂಡು ನೆಂಟರ ಮದುವೆಗೆ ಹೊರಟ. ನಾಲ್ಕು ದಿನ ಊರಲ್ಲಿರುವುದಿಲ್ಲ. ಗೇಟಿನಿಂದ ಕಾರು ಹೊರಬಿದ್ದಾಗ, ಮೇಸ್ತ್ರಿ ಕೊನೆಯ ಮ್ಯಾನ್‌ಹೋಲಿಗೆ ಗುರುತು ಹಾಕುತ್ತಿದ್ದ. ಕಾರು ನಿಂತಿತು, ಕಿಟಕಿ ಇಳಿಯಿತು.

"ಏಯ್, ಇದೇನಿದು, ಗೇಟ್ ಮುಂದೆ?"

"ಮ್ಯಾನ್‌ಹೋಲ್ ಸಾರ್. ಇಂಜಿನಿಯರ್ ಸಾಹೇಬ್ರು..."

"ಮನೆಗೆ ಬರೋ ಹೋಗೋ ಜನ ಮೊದ್ಲು ಕಕ್ಕಸಿನ ಮುಚ್ಚಳ ನೋಡ್ಬೇಕಾ? ತಲೇಲಿ ಏನ್ ತುಂಬ್ಕೊಂಡಿದೀಯೋ ಬೋಳಿಮಗನೆ? ಆಚೆ ಹಾಕು."

"ಎಷ್ಟು ಆಚೆ ಸಾರ್?" ಕೇಳಿದ್ದು ಮೇಸ್ತ್ರಿಯಲ್ಲ, ರಸಮಟ್ಟ. ಬಾಂಡಲಿಯ ಮಣ್ಣು ತಲೆಯ ಮೇಲೆಯೇ ಇತ್ತು.

"ನನ್ನ ಕಣ್ಣಿಗೆ ಕಾಣದಷ್ಟು ಆಚೆ!"

ಕಿಟಕಿ ಏರಿತು. ಕಾರು ಹೋಯಿತು. ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತ ನಿಂತ.

"ಗೇಟಲ್ಲಿ ನಿಂತ್ರೆ ಎಲ್ಲಿವರೆಗೆ ಕಾಣುತ್ತೆ ಅಣ್ಣ?" ಎಂದಳು ರಸಮಟ್ಟ.

"ಗೋಡೆ ಮುಗಿಯೋ ತನಕ... ಲೇ, ಏನ್ ಯೋಚ್ನೆ ಮಾಡ್ತಿದೀಯ?"

"ಸಾಹುಕಾರ್ರು ಹೇಳಿದ್ದನ್ನ ಮಾಡೋಣ ಅಂತ."

ಮೇಸ್ತ್ರಿ ಅವಳನ್ನೂ ದಿಣ್ಣೆಯನ್ನೂ ತೋಟದಲ್ಲಿ ಸಾಲಾಗಿ ನಿಂತಿದ್ದ ಪೈಪುಗಳನ್ನೂ ನೋಡಿದ. ಅವನ ಮನೆಯೂ ಇಂಥದೇ ಇನ್ನೊಂದು ದಿಣ್ಣೆಯ ಮೇಲಿತ್ತು, ಅದನ್ನು ಅವನು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. "ನಂಗೆ ನಾಲ್ಕು ದಿನ ಹೊಟ್ಟೆನೋವು," ಎಂದ. "ನಾನು ಇಲ್ಲಿಗೆ ಬಂದೇ ಇಲ್ಲ, ಏನೂ ನೋಡೇ ಇಲ್ಲ." ಎರಡು ಹೆಜ್ಜೆ ಹೋದವನು ತಿರುಗಿ, "ಸಿಮೆಂಟು ಶೆಡ್ಡಲ್ಲಿದೆ," ಎಂದು ಹೇಳಿ ಹೊಟ್ಟೆ ಹಿಡಿದುಕೊಂಡು ಹೋದ.

ಹನ್ನೊಂದು ಮನೆಗಳೂ ಹಗಲುಹೊತ್ತಿನಲ್ಲೇ ರಸ್ತೆಗಿಳಿದವು. ಊರೆಲ್ಲ ಅತ್ತಿತ್ತ ಓಡಾಡಿತು, ಯಾರೂ ಒಂದು ಮಾತು ಕೇಳಲಿಲ್ಲ. ಇವರು ರಸ್ತೆ ಅಗೆಯುವುದನ್ನು ಊರು ಹುಟ್ಟಿದಾಗಿನಿಂದ ನೋಡಿತ್ತು. ಕೊನೆಯ ಹದಿನೈದು ಅಡಿ ಬರೀ ಬಂಡೆ. ಹಾರೆ ಹಾಕಿ, ಸುತ್ತಿಗೆ ಬಡಿದು ಅಂಗೈಗಳೆಲ್ಲ ಬೊಬ್ಬೆಯೆದ್ದವು. ಬೇರೆಯವರ ಲೈನಿಗೆ ಬಡಿಯುವಾಗ ಇದೇ ಜನ ಮೇಸ್ತ್ರಿ ಬೆನ್ನು ತಿರುಗಿಸಿದರೆ ಸಾಕು, ಬೀಡಿ ಹಚ್ಚುತ್ತಿದ್ದರು. ಈಗ ಬೀಡಿಯ ನೆನಪೇ ಆಗಲಿಲ್ಲ. ರಸಮಟ್ಟ ಕಾಲುವೆಯೊಳಗೆ ಹೊಟ್ಟೆಯ ಮೇಲೆ ಮಲಗಿ ತೋಟದಿಂದ ಹೊತ್ತು ತಂದ ಒಂದೊಂದೇ ಪೈಪನ್ನು ಕಣ್ಣಳತೆಯಲ್ಲಿ ಕೂರಿಸಿದಳು. ಕೂದಲೆಳೆ ತಪ್ಪಿದರೂ ಕಿತ್ತು ಮತ್ತೆ ಹಾಕಿಸಿದಳು.

"ಸಾಕು ಬಾರೇ, ನೀನೇನು ಇದರೊಳಗೇ ಸಂಸಾರ ಮಾಡ್ತೀಯಾ?" ಎಂದಳು ನೆರೆಮನೆಯವಳು.

"ನಾಳೆ ಇಂಜಿನಿಯರ್ ಪೈಪಿಗೆ ದೀಪ ಹಿಡಿಸಿ ನೋಡ್ತಾನೆ ಕಣೇ. ವಾಲಿದ್ರೆ ಎಲ್ಲಾ ಹೋಯ್ತು."

ನಾಲ್ಕನೆಯ ದಿನ ಸಂಜೆಗೆ ದಿಣ್ಣೆಯ ಬುಡದಲ್ಲಿ ಮ್ಯಾನ್‌ಹೋಲು ಎದ್ದಿತು. ಗೇಟಿನ ಮುಂದೆ ಮುಚ್ಚಳ ಇರಲಿಲ್ಲ, ಮಣ್ಣು ಹಾಕಿ ಚೊಕ್ಕಟ ಮಾಡಿದ್ದರು.

ಪರೀಕ್ಷೆಯ ದಿನ ಇಂಜಿನಿಯರ್ ರಸ್ತೆಯ ಮೂಲೆಯ ಮ್ಯಾನ್‌ಹೋಲಿನ ಹತ್ತಿರ ಕುರ್ಚಿ ಹಾಕಿಸಿಕೊಂಡ. ಪರೀಕ್ಷೆ ಸರಳ. ಕೊನೆಯ ಮ್ಯಾನ್‌ಹೋಲಿನಲ್ಲಿ ಒಬ್ಬರು ಇಳಿದು ಪೈಪಿನ ಬಾಯಿಗೆ ದೀಪ ಹಿಡಿಯಬೇಕು, ಈಚೆ ಮ್ಯಾನ್‌ಹೋಲಿನಲ್ಲಿ ಕನ್ನಡಿ ಇಳಿಸಿ ನೋಡಬೇಕು. ಕನ್ನಡಿಯಲ್ಲಿ ಬೆಳಕು ಪೂರ್ತಿ ಗುಂಡಗೆ ಕಂಡರೆ ಪಾಸು. ಲೈನಿನ ಉದ್ದಕ್ಕೂ ನಡೆದು, ಟೇಪು ಹಿಡಿದು ಅಳೆಯಬೇಕು ಎಂದೂ ರೂಲಿನಲ್ಲಿತ್ತು.

"ಆ ಕಡೆ ಬಂದು ನೋಡ್ತೀರಾ ಸಾರ್?" ಹೊಟ್ಟೆನೋವು ವಾಸಿಯಾಗಿ ಬಂದಿದ್ದ ಮೇಸ್ತ್ರಿ ಕೇಳಿದ.

ಇಂಜಿನಿಯರ್ ದಿಣ್ಣೆಯತ್ತ ಒಮ್ಮೆ ನೋಡಿ ಮೂಗಿಗೆ ಕರ್ಚೀಫು ಹಿಡಿದ. "ಥೂ, ಆ ಕಡೆ ಯಾರು ಹೋಗ್ತಾರಯ್ಯ? ಅವಳನ್ನ ಇಳಿಸು."

ಅವಳು ಇಳಿದಳು. ಇಳಿದದ್ದು ಎಲ್ಲಿ ಎಂದು ಅವನು ನೋಡಲಿಲ್ಲ. ದಿಣ್ಣೆಯ ಬುಡದ ಹೊಸ ಗುಂಡಿಯಲ್ಲಿ ಕುಕ್ಕರಗಾಲಲ್ಲಿ ಕೂತು, ರಸಮಟ್ಟ ದೀಪವನ್ನು ಎರಡೂ ಕೈಯಲ್ಲಿ ಹಿಡಿದಳು. ದೀಪ ಅಲುಗದಂತೆ ಮೊಣಕೈಗಳನ್ನು ಮೊಣಕಾಲಿಗೆ ಒತ್ತಿಕೊಂಡಳು. ಪೈಪಿನೊಳಗಿಂದ ಇಂಜಿನಿಯರ್‌ನ ದನಿ ಕಿವಿಯ ಪಕ್ಕದಲ್ಲೇ ಆಡಿದಂತೆ ಕೇಳಿಸಿತು.

"ಗುಂಡಗಿದೆ. ಚಂದ್ರ ಇದ್ದ ಹಾಗಿದೆ ಕಣಯ್ಯ. ಆದ್ರೆ ಯಾಕೆ ಇಷ್ಟು ಚಿಕ್ಕದು?"

"ದೀಪ ಹಳೇದು ಸಾರ್," ಎಂದಿತು ಮೇಸ್ತ್ರಿಯ ದನಿ.

ಇಂಜಿನಿಯರ್‌ನ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು.

"ಹಾಳಾಗ್ಲಿ. ಪೆನ್ನು ಕೊಡು."

ಮದುವೆಯಿಂದ ಮರಳಿದ ಸಾಹುಕಾರನಿಗೆ ತೋಟದ ನೆನಪಾದದ್ದು ಗುಲಾಬಿಯಿಂದ. ವಾರ ಕಳೆದ ಮೇಲೆ ಗಿಡಗಳು ಬಂದವು, ಪೈಪುಗಳು ಇರಲಿಲ್ಲ. ಅವನು ಇಂಜಿನಿಯರ್‌ನನ್ನೂ ಕರೆಸಿಕೊಂಡು, ಬಂಗಲೆ ಕಟ್ಟಿದ ಮೇಲೆ ಮೊದಲ ಸಲ ತೋಟದ ಗೋಡೆ ದಾಟಿ ದಿಣ್ಣೆಯ ಬುಡಕ್ಕೆ ಬಂದ. ಅಲ್ಲಿ ಮ್ಯಾನ್‌ಹೋಲಿನ ಮುಚ್ಚಳ ಇತ್ತು. ಪಕ್ಕದಲ್ಲಿ ನಾಲ್ಕು ತಗಡು ನಿಲ್ಲಿಸಿ ಕಟ್ಟಿದ, ಬಾಗಿಲಿದ್ದ ಒಂದು ಗೂಡು ಇತ್ತು. ರಸಮಟ್ಟ ಅದರ ಸುತ್ತ ನೆಲ ಸಮಮಾಡುತ್ತಿದ್ದಳು.

"ನನ್ನ ಪೈಪೆಲ್ಲೇ?"

"ಹೂತಿದೀವಿ ಸಾರ್."

"ಯಾರನ್ನ ಕೇಳಿ?"

"ನೀವೇ ಹೇಳಿದ್ರಲ್ಲ ಸಾರ್, ಮುಚ್ಚಳ ಕಣ್ಣಿಗೆ ಕಾಣದಷ್ಟು ಆಚೆ ಹಾಕು ಅಂತ. ಈಗ ಗೇಟಿಂದ ಕಾಣುತ್ತಾ?"

ಸಾಹುಕಾರನ ಮುಖ ಕೆಂಪಾಯಿತು. "ಕಳ್ಳ ಲೌಡಿ! ರೀ ಇಂಜಿನಿಯರ್, ಕಿತ್ತಾಕ್ಸಿ ಇದನ್ನ! ನನ್ನ ತೋಟದ ಮುಂದೆ ಹಾದು ಬಂದಿದೆ!"

ಇಂಜಿನಿಯರ್ ಫೈಲು ಬಿಚ್ಚಿದ, ಮುಚ್ಚಿದ, ಮತ್ತೆ ಬಿಚ್ಚಿದ. "ಸಾರ್... ತೋಟ ನಿಮ್ದಲ್ಲ ಅಂತ ಪತ್ರ ಕೊಟ್ಟಿದೀರಲ್ಲ."

"ನಂದೇ ಕಣ್ರೀ ಅದು!"

"ನಿಮ್ದು ಅಂದ್ರೆ ಲೈನು ಅಲ್ಲಿ ತನಕ ಬರ್ಲೇಬೇಕು ಸಾರ್, ಅದೇ ರೂಲು. ನಿಮ್ದಲ್ಲ ಅಂದ್ರೆ, ಕೇಳೋಕೆ ನಿಮಗೆ ಹಕ್ಕಿಲ್ಲ." ಅವನು ದನಿ ತಗ್ಗಿಸಿದ. "ಪಾಸಾದ ಲೈನು ಕೀಳ್ಬೇಕು ಅಂದ್ರೆ ಪುರಸಭೆ ಮುಂದೆ ಹೋಗ್ಬೇಕು. ನಡೆದು ನೋಡಿ ಸಹಿ ಹಾಕಿದ್ರಾ ಅಂತ ಕೇಳ್ತಾರೆ. ನನ್ನ ಕೆಲಸ ಹೋಗುತ್ತೆ ಸಾರ್."

ಸಾಹುಕಾರ ಅವನನ್ನು ನುಂಗುವಂತೆ ನೋಡಿದ. ಇಂಜಿನಿಯರ್‌ಗೆ ಆಗ ಇನ್ನೊಂದು ರೂಲು ನೆನಪಾಗಿ ಜೀವ ಬಂತು. "ಲೈನು ಇರ್ಲಿ ಸಾರ್. ಕನೆಕ್ಷನ್ ಬೇರೆ, ಅದಕ್ಕೆ ಲೈಸೆನ್ಸ್ ಬೇಕು. ಅರ್ಜಿ, ನಕ್ಷೆ, ಹಕ್ಕುಪತ್ರ ಎಲ್ಲಾ ಬೇಕು. ಇವ್ರಿಗೆ ಈ ಜನ್ಮದಲ್ಲಿ ಸಿಗಲ್ಲ." ಎಷ್ಟೋ ದಿನಗಳ ಮೇಲೆ ಮೊದಲ ಸಲ ರಸಮಟ್ಟನ ಮುಖ ನೋಡಿ ಗದರಿದ: "ಕೇಳಿಸ್ತೇನೆ? ಲೈಸೆನ್ಸ್ ಇಲ್ದೆ ಒಂದು ತೊಟ್ಟು ನೀರು ಇದರೊಳಗೆ ಬಿಡೋ ಹಾಗಿಲ್ಲ. ಬಿಟ್ರೆ ಪೊಲೀಸ್ ಕರೆಸ್ತೀನಿ, ಒದ್ದು ಒಳಗೆ ಹಾಕ್ತಾರೆ."

ದಿಣ್ಣೆಯ ಮೇಲಿನಿಂದ ಸೊಸೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬಕೆಟ್ಟು ಹಿಡಿದು, ನಿಧಾನವಾಗಿ ಇಳಿದು ಬರುತ್ತಿದ್ದಳು. ಗಂಡಸರನ್ನು ಕಂಡು ಅರ್ಧದಾರಿಯಲ್ಲಿ ನಿಂತಳು.

"ಬಾ," ಎಂದಳು ರಸಮಟ್ಟ. "ಯಾಕೆ ನಿಂತೆ?"

ಸೊಸೆ ತಲೆ ಬಗ್ಗಿಸಿ ಇಬ್ಬರ ನಡುವೆಯೇ ಹಾದು ಬಂದಳು. ತಗಡಿನ ಬಾಗಿಲು ತೆರೆದು ಒಳಹೋದಳು. ಒಳಗಿನಿಂದ ಚಿಲಕ ಬಿತ್ತು.

"ಏಯ್! ಹೇಳ್ತಿರೋದು ಕಿವಿಗೆ ಬೀಳ್ಲಿಲ್ವಾ?" ಇಂಜಿನಿಯರ್ ಮುಂದೆ ಬಂದ.

ರಸಮಟ್ಟ ನೆಲದ ಮೇಲಿದ್ದ ಪಿಕಾಸಿ ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತಳು.

"ಪೊಲೀಸ್ ಕರೆಸಿ ಸಾರ್, ಬರ್ಲಿ. ಅಲ್ಲಿ ತನಕ ಆ ಕಡೆ ತಿರುಗಿ ನಿಂತ್ಕೊಳ್ಳಿ. ಹೆಣ್ಮಗಳು ಒಳಗೆ ಕೂತಿದಾಳೆ."

ದಿಣ್ಣೆಯ ಮೇಲೆ ಒಂದೊಂದೇ ಮನೆಯಿಂದ ಹೆಂಗಸರು ಹೊರಗೆ ಬಂದು ನಿಂತರು. ಇಂಜಿನಿಯರ್ ಮೊದಲು ತಿರುಗಿದ. ಸಾಹುಕಾರ ಸ್ವಲ್ಪ ಹೊತ್ತು ಪಿಕಾಸಿಯನ್ನೇ ನೋಡುತ್ತಿದ್ದ, ಆಮೇಲೆ ಅವನೂ ತಿರುಗಿದ. ಇಬ್ಬರೂ ತೋಟದ ಗೋಡೆಗೆ ಮುಖಮಾಡಿ, ಬಿಸಿಲಿನಲ್ಲಿ ಕಾಯುತ್ತ ನಿಂತರು.