ಬಲಗಡೆಗೆ ಚೌಕವಿರಲಿಲ್ಲ

"ಉಸಿರು ಹಿಡ್ಕೋ," ಎಂದಳು ತಂಗಿ.

"ಇದ್ರೆ ತಾನೇ ಹಿಡ್ಕೊಳ್ಳೋದು," ಎಡಮಗ್ಗುಲಾಗಿ ಮಲಗಿದ್ದ ಅಕ್ಕ ಗೋಡೆಗೇ ಹೇಳಿದಳು. "ಈ ಜೆಲ್ಲು ಎಲ್ಲಾರಿಗೂ ಇಷ್ಟೇ ತಣ್ಣಗಿರುತ್ತಾ, ಇಲ್ಲ ಸ್ವಂತ ಅಕ್ಕ ಅಂತ ಸ್ಪೆಷಲ್ಲಾ?"

ತಂಗಿ ನಗಲಿಲ್ಲ. ಹತ್ತು ವರ್ಷದಿಂದ ಈ ಕತ್ತಲೆ ಕೋಣೆಯಲ್ಲಿ ಎಕೋ ಯಂತ್ರದ ಮುಂದೆ ಕೂತು, ಮುಖದಲ್ಲಿ ಏನೂ ತೋರಗೊಡದೆ ಪರರ ಹೃದಯ ನೋಡುವುದು ಅವಳಿಗೆ ರೂಢಿಯಾಗಿತ್ತು. ಸೂಜಿ ಬೇಡ, ಕೊಯ್ಯುವುದು ಬೇಡ. ಎದೆಗೆ ಒತ್ತಿದ ಯಂತ್ರದ ಹಿಡಿಯನ್ನು ಒಂದಿಷ್ಟು ಓರೆ ಮಾಡಿದರೆ ಸಾಕು, ಶ್ವಾಸಕೋಶಕ್ಕೆ ಹೋಗುವ ರಕ್ತದ ಒತ್ತಡವೂ ಸಿಕ್ಕಿಬಿಡುತ್ತದೆ. ಬಲಕೋಣೆಯ ಕವಾಟದಿಂದ ಹಿಂದಕ್ಕೆ ಚಿಮ್ಮುತ್ತಿದ್ದ ರಕ್ತದ ವೇಗವನ್ನು ಅಳೆದು ಯಂತ್ರ ಲೆಕ್ಕ ಹಾಕಿತು. ಎಪ್ಪತ್ತೈದು. ಮೂವತ್ತೈದರೊಳಗೆ ಇರಬೇಕಾದದ್ದು. ಬಲಕೋಣೆ ಊದಿ, ನಡುವಿನ ಗೋಡೆಯನ್ನು ಎಡಕ್ಕೆ ತಳ್ಳಿ ಕೂತಿತ್ತು.

ಹಾಗಾದರೆ ಇದುವರೆಗೆ ಯಾಕೆ ಕಾಣಲಿಲ್ಲ?

ಅಕ್ಕನದು ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಹದಿನೇಳು ವರ್ಷದ ದುಡಿಮೆ. ತಂಗಿಯನ್ನು ಓದಿಸಿದ್ದೂ ಆ ಕಲ್ಲಿನ ದೂಳೇ. ಕಾರ್ಖಾನೆ ವರ್ಷಕ್ಕೊಮ್ಮೆ ತನ್ನ ಜನರನ್ನು ಇಲ್ಲಿಗೇ ತಪಾಸಣೆಗೆ ಕಳಿಸುತ್ತಿತ್ತು, ತಲೆಗೆ ಆರು ನಿಮಿಷದಂತೆ. ಫಾರ್ಮು ಕಾರ್ಖಾನೆಯದೇ. ಅದರಲ್ಲಿದ್ದ ಚೌಕಗಳೆಲ್ಲ ಹೃದಯದ ಎಡಭಾಗಕ್ಕೆ. ಕಾರ್ಖಾನೆಗೆ ಬೇಕಾಗಿದ್ದುದು ಪಾಲಿಶ್ ಯಂತ್ರದ ಮುಂದೆ ದಿಢೀರನೆ ಕುಸಿದು ಬೀಳದ ಹೃದಯ. ದೂಳು ತಿಂದು ಮನೆಯಲ್ಲಿ ನಿಧಾನವಾಗಿ ಸಾಯುವ ಹೃದಯಕ್ಕೆ ಅದರಲ್ಲಿ ಜಾಗವಿರಲಿಲ್ಲ. ತಂಗಿ ಚೌಕಗಳನ್ನು ತುಂಬುತ್ತಿದ್ದಳು, ಮೇಲಿನ ಮಹಡಿಯ ಡಾಕ್ಟರು ಸಹಿ ಹಾಕುತ್ತಿದ್ದರು.

ಒಂದು ಮಹಡಿ ಹತ್ತಲೂ ಆಗದೆ ಅಕ್ಕ ಇವತ್ತು ತನ್ನ ಸರದಿಗೆ ಕಾಯದೆ ತಾನಾಗಿಯೇ ಬಂದಿದ್ದಳು, ಫಾರ್ಮಿಲ್ಲದೆ.

ತಂಗಿ ಹಳೆಯ ಚಿತ್ರಗಳನ್ನು ತೆರೆದಳು. ಮೂರು ವರ್ಷದ ಹಿಂದಿನದು. ಎಡಕೋಣೆ ನಡುಮಧ್ಯೆ, ಸ್ಪಷ್ಟವಾಗಿ. ಚಿತ್ರದ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿದ್ದ ಬಲಕೋಣೆ, ಆಗಲೇ ಊದಿತ್ತು. ಕೆಳಗೆ ಅವಳದೇ ಅಕ್ಷರಗಳು: ಸಹಜ.

"ಏನಿದೆ, ಹೇಳೇ," ಅಕ್ಕ ಇತ್ತ ಹೊರಳಿದಳು. "ಮುಖ ನೋಡಿದ್ರೆ ಚಿಕ್ಕೋಳಿದ್ದಾಗ ಹಾಲು ಉಕ್ಕಿಸಿ ನಿಲ್ತಿದ್ದ ಹಾಗಿದೆ."

ಹೊಸ ಕಾಯಿಲೆ ಎಂದುಬಿಟ್ಟರೆ ಅಕ್ಕ ನಂಬುತ್ತಾಳೆ. ತಂಗಿ ಪರದೆಯನ್ನು ಅವಳತ್ತ ತಿರುಗಿಸಿದಳು.

"ಶ್ವಾಸಕೋಶದ ಕಡೆ ಒತ್ತಡ ಜಾಸ್ತಿಯಾಗಿದೆ. ಅದಕ್ಕೆ ಬಲಗಡೆ ಇಷ್ಟು ದಪ್ಪ ಆಗಿರೋದು. ಇದು ಇವತ್ತಿಂದು." ಬೆರಳು ಪಕ್ಕದ ಚಿತ್ರಕ್ಕೆ ಸರಿಯಿತು. "ಇದು ಮೂರು ವರ್ಷದ ಹಿಂದಿಂದು."

ಅಕ್ಕ ಎರಡನ್ನೂ ಹೋಲಿಸಿ ನೋಡಿದಳು.

"ಆವಾಗ ನೋಡಿದ್ದು ನೀನೇ ಅಲ್ವಾ?"

"ನಾನೇ. ಈ ಕಡೆ ನೋಡ್ಲಿಲ್ಲ. ಫಾರ್ಮಲ್ಲಿ ಕೇಳಿರಲಿಲ್ಲ."

"ನಮ್ಮ ಲೈನಿನವರಿಗೆಲ್ಲ ಹೇಳ್ತಿದ್ದೆ," ಎಂದಳು ಅಕ್ಕ, ಸಿಟ್ಟಿಲ್ಲದೆ. "ನನ್ನ ತಂಗೀನೇ ನೋಡೋದು, ಹೆದರ್ಬೇಡಿ ಅಂತ."

ತಂಗಿ ಜೆಲ್ಲು ಒರೆಸಲು ಬಟ್ಟೆ ಹಿಡಿದಳು. ಅಕ್ಕ ಅದನ್ನು ಇಸಿದುಕೊಂಡು ತಾನೇ ಒರೆಸಿಕೊಂಡಳು, ಗುಂಡಿ ಹಾಕಿಕೊಂಡಳು, ಒಂದೊಂದಕ್ಕೂ ಉಸಿರಿಗೆ ನಿಂತು.

"ಡಾಕ್ಟ್ರು ಮೇಲಿದ್ದಾರೆ. ಕುರ್ಚಿ ತರಿಸ್ತೀನಿ, ಎತ್ಕೊಂಡು ಹೋಗ್ತಾರೆ."

"ಬೇಡ, ನಾನೇ ಹತ್ತಿ ಹೋಗ್ತೀನಿ. ಹೊರಗೆ ತಪಾಸಣೆಗೆ ನಮ್ಮವರು ಸಾಲಾಗಿ ಕೂತಿದ್ದಾರೆ. ನೀನು ಅವರನ್ನ ನೋಡು, ಸರಿಯಾಗಿ."

ಅಕ್ಕ ಹೊರಗೆ ಹೋದ ಮೇಲೆ ಒಳಗೆ ಬಂದವನ ಹುಬ್ಬುಗಳಲ್ಲಿ ಕಲ್ಲಿನ ಬಿಳಿ ಹುಡಿ ಕೂತಿತ್ತು. ಕೈಯಲ್ಲಿ ಫಾರ್ಮು. ತಾನಾಗಿಯೇ ಎಡಮಗ್ಗುಲಾಗಿ ಮಲಗಿದ. ತಂಗಿ ಚೌಕಗಳಿಗೆ ಬೇಕಾದದ್ದನ್ನೆಲ್ಲ ಅಳೆದಳು. ಆರು ನಿಮಿಷ ಮುಗಿಯಿತು. ಹಿಡಿಯನ್ನು ಬಲಕ್ಕೆ ಓರೆ ಮಾಡಿದಳು.

"ಇಷ್ಟು ಹೊತ್ತು ಆಗ್ತಿರಲಿಲ್ವಲ್ಲ, ಮೇಡಂ?"

"ಉಸಿರು ಹಿಡ್ಕೊಳ್ಳಿ."

ಹೊರಗೆ ಕೂತು ಸುಧಾರಿಸಿಕೊಂಡಿದ್ದ ಅಕ್ಕನ ಚಪ್ಪಲಿಯ ಸದ್ದು ಈಗ ಮೆಟ್ಟಿಲ ಮೇಲೆ. ಒಂದು, ಎರಡು, ಮೂರು. ನಿಂತಿತು. ಮತ್ತೆ ಎರಡು. ನಿಂತಿತು. ತಂಗಿ ಆರನೆಯ ಮೆಟ್ಟಿಲಿಗೆ ಕಾದಳು.

"ಉಸಿರು ಬಿಡ್ಲಾ, ಮೇಡಂ?" ಮಲಗಿದ್ದವನು ಬಿಗಿಹಿಡಿದ ಗಂಟಲಲ್ಲೇ ಕೇಳಿದ.